ಎಂಜಿನ್‌ಗೆ ಕುಂಕುಮ

ವಿಮಾನದ ಎಂಜಿನ್ ರಿಪೇರಿ ಮಾಡುವ ಜಾಗದಲ್ಲಿ ನಗುವುದಕ್ಕೆ ಏನಿರುತ್ತದೆ ಎಂದು ಕೇಳುವವರು ಬಹಳ ಮಂದಿ. ಒಬ್ಬಳು ಹಠಮಾರಿ ಇದ್ದರೆ ಸಾಕು, ಉಳಿದದ್ದೆಲ್ಲ ತಾನಾಗಿ ಬರುತ್ತದೆ. ನಮ್ಮ ಶಾಪಿನಲ್ಲಿ ಆ ಹಠಮಾರಿ ನಾನೇ ಆದ್ದರಿಂದ ನಗುವಂಥ ಪ್ರಸಂಗಗಳು ವರ್ಷಕ್ಕೊಂದಾದರೂ ನಡೆಯುತ್ತಲೇ ಬಂದಿವೆ.

ನಮ್ಮದು ಅಮೆರಿಕದವರ ಕಂಪನಿ, ಇರುವುದು ಸಿಂಗಾಪುರದಲ್ಲಿ. ವಿಮಾನದಿಂದ ಕಳಚಿದ ಎಂಜಿನ್‌ಗಳು ನಮ್ಮಲ್ಲಿಗೆ ಬರುತ್ತವೆ. ಬಿಚ್ಚುತ್ತೇವೆ, ತೊಳೆಯುತ್ತೇವೆ, ಸವೆದದ್ದನ್ನು ಬದಲಾಯಿಸಿ ಮತ್ತೆ ಜೋಡಿಸುತ್ತೇವೆ. ಮೈಸೂರಿನಲ್ಲಿ ಓದಿ ಬಂದ ನಾನು ಇಲ್ಲಿ ಇನ್‌ಸ್ಪೆಕ್ಟರ್. ಜೋಡಿಸಿದ ಎಂಜಿನ್ ಹೊರಗೆ ಹೋಗುವ ಮೊದಲು ಮೂಲೆಮೂಲೆ ನೋಡಿ ‘ಸರಿ ಇದೆ’ ಎಂದು ಸಹಿ ಹಾಕುವುದು ನನ್ನ ಕೆಲಸ.

ಸೇರಿದ ವರ್ಷವೇ ನನ್ನ ತಲೆಗೆ ಒಂದು ಹಠ ಹೊಕ್ಕಿತು. ಆಯುಧಪೂಜೆಯ ದಿನ ಚೋವಾ ಚು ಕಾಂಗ್‌ನ ನಮ್ಮ ಫ್ಲ್ಯಾಟಿನಲ್ಲಿ ಮಿಕ್ಸಿಗೆ ಪೂಜೆ, ವಾಷಿಂಗ್ ಮಷೀನಿಗೆ ಪೂಜೆ, ಗಂಡನ ಲ್ಯಾಪ್‌ಟಾಪಿಗೆ ಪೂಜೆ, ಮಗಳ ಸ್ಕೂಟರಿಗೂ ಪೂಜೆ. ನಮಗೆ ಅನ್ನ ಹಾಕುವ ಎಂಜಿನ್‌ಗೆ ಮಾತ್ರ ಒಂದು ಬೊಟ್ಟು ಕುಂಕುಮವಿಲ್ಲ! ನನಗೆ ಇದು ನಿಜವಾಗಿಯೂ ಹೊಟ್ಟೆ ಉರಿಯುವ ವಿಷಯ. ಈ ಶಾಪ್ ಬಿಡುವುದರೊಳಗೆ ಒಂದೇ ಒಂದು ಎಂಜಿನ್‌ಗಾದರೂ ಆಯುಧಪೂಜೆ ಮಾಡಿಯೇ ತೀರುತ್ತೇನೆ ಎಂದು ಅಂದೇ ತೀರ್ಮಾನಿಸಿದೆ.

ಹಣೆಯ ಮೇಲಿನ ವಸ್ತು

ನನ್ನ ಹಠಕ್ಕೆ ಎದುರಾಗಿ ನಿಂತವರು ಒಬ್ಬರೇ. ಸೇಫ್ಟಿ ವಿಭಾಗದ ಚೀನೀ ಹೆಂಗಸು. ಎದುರಿಗೆ ‘ಮೇಡಂ’, ಹಿಂದಿನಿಂದ ಎಲ್ಲರೂ ‘ಸೇಫ್ಟಿ ಆಂಟಿ’ ಎನ್ನುತ್ತೇವೆ. ಎಂಜಿನ್ ಹತ್ತಿರ ಹೊರಗಿನ ವಸ್ತು ಒಂದೂ ಇರಬಾರದು ಎನ್ನುವುದು ಅವರ ಉಸಿರು. ಪೆನ್ನಿನ ಮುಚ್ಚಳ, ಹೇರ್‌ಪಿನ್, ಬಟ್ಟೆಯ ಗುಂಡಿ, ಯಾವುದು ಒಳಗೆ ಬಿದ್ದರೂ ಆಕಾಶದಲ್ಲಿ ಅನಾಹುತ. ಅದು ನೂರಕ್ಕೆ ನೂರು ಸತ್ಯ, ನಾನೂ ಒಪ್ಪುತ್ತೇನೆ.

ಮೊದಲ ದಿನ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿದರು. ಬಳೆ, ಉಂಗುರ, ಓಲೆ, ತಾಳಿ ಎಲ್ಲ ಲಾಕರಿಗೆ ಹೋದವು. ಆಮೇಲೆ ನನ್ನ ಹಣೆಯನ್ನೇ ದಿಟ್ಟಿಸಿದರು.

“ಅದೇನು?”

“ಬಿಂದಿ, ಮೇಡಂ. ಸ್ಟಿಕರ್.”

“ಬಿದ್ದುಹೋದರೆ?”

“ಬೀಳಲ್ಲ.”

“ಗ್ಯಾರಂಟಿ ಕೊಡ್ತೀಯಾ?”

ನನಗೆ ನಮ್ಮ ಬಾತ್‌ರೂಮಿನ ಕನ್ನಡಿ ನೆನಪಾಯಿತು. ಅದರ ಮೇಲೆ ಅಂಟಿಸಿಟ್ಟಿರುವ, ಅಂಟು ಹೋದ ಬಿಂದಿಗಳೂ ನೆನಪಾದವು. ಬಿಂದಿ ತೆಗೆದುಕೊಟ್ಟೆ. ಮಾರನೆಯ ದಿನ ಕುಂಕುಮ ಇಟ್ಟುಕೊಂಡು ಹೋದೆ. “ಪುಡಿಯಾ? ಇದು ಇನ್ನೂ ಕೆಟ್ಟದ್ದು ಲಾ!” ಎಂದು, ಸಿಂಗಾಪುರದವರು ಮಾತಿನ ಕೊನೆಗೆ ಸೇರಿಸುವ ‘ಲಾ’ ಸಮೇತ ಗದರಿ, ಒದ್ದೆ ಟಿಶ್ಯೂ ಕೊಟ್ಟರು. ಮೂರನೆಯ ದಿನ ಮಗಳ ಡ್ರಾಯರ್ ತಡಕಾಡಿ, ಸಿಕ್ಕಿದ ಕೆಂಪು ಪೆನ್ನಿನಲ್ಲಿ ದುಂಡಗೆ ಬೊಟ್ಟು ಬರೆದುಕೊಂಡೆ. ಆಂಟಿ ಟಿಶ್ಯೂ ಹಾಕಿ ತಿಕ್ಕಿದರು, ಹೋಗಲಿಲ್ಲ. ಉಗುರಿನಿಂದ ಕೆರೆದರು, ಹೋಗಲಿಲ್ಲ. “ಅಪ್ರೂವ್ಡ್” ಎಂದು ಒಳಗೆ ಬಿಟ್ಟರು. ಗೆದ್ದೆ ಎಂದುಕೊಂಡೆ.

ಸಂಜೆ ಮನೆಯಲ್ಲಿ ಮುಖ ತೊಳೆದರೆ ಅದು ನನಗೂ ಹೋಗಲಿಲ್ಲ. ಸೋಪು, ಕೊಬ್ಬರಿ ಎಣ್ಣೆ, ಕಡಲೆಹಿಟ್ಟು ಎಲ್ಲ ಆದವು. ನನ್ನ ಗಂಡ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದವರು ನಿಟ್ಟುಸಿರು ಬಿಟ್ಟು ಹೇಳಿದರು: “ನೋಡು, ಇಲ್ಲೇ ಪರ್ಮನೆಂಟಾಗಿ ಇರೋಕೆ ಹಾಕಿದ ನಮ್ಮ ಪಿಆರ್ ಅಪ್ಲಿಕೇಶನ್ ಇನ್ನೂ ಪೆಂಡಿಂಗ್ ಇದೆ. ನಿನ್ನ ಬೊಟ್ಟಿಗೆ ಮೂರೇ ದಿನದಲ್ಲಿ ಸಿಕ್ಕಿಬಿಡ್ತು.”

ಸೈಕಲ್ ಅಂಗಡಿಯವರು

ಹಣೆಯ ಕುಂಕುಮಕ್ಕೇ ಬಿಡದ ಆಂಟಿ ಎಂಜಿನ್ ಪೂಜೆಗೆ ಒಪ್ಪುವುದಿಲ್ಲ, ಬಾಸ್ ಹತ್ತಿರವೇ ಅನುಮತಿ ಕೇಳೋಣ ಎಂದು ಹೊರಟೆ. ನಮ್ಮ ಬಾಸ್ ಅಮೆರಿಕದ ಗೋಧಿ ಬೆಳೆಯುವ ಸೀಮೆಯವರು. ಆರಡಿ ಆಳು, ಮಾತು ಮೆತ್ತಗೆ. ವಿಮಾನದ ಇತಿಹಾಸ ಎಂದರೆ ಪ್ರಾಣ. ಬೆಳಗಿನ ಕಾಫಿ ಹೊತ್ತಿಗೆ ಅವರ ಕ್ಯಾಬಿನ್ ಮುಂದೆ ಸಿಕ್ಕಿಬಿದ್ದವರಿಗೆ ಒಂದು ಕತೆ ಖಾತ್ರಿ. ರೈಲು ಕಂಬಿ ನೋಡಿಕೊಂಡೇ ದಾರಿ ಹಿಡಿದು ಅಂಚೆ ಹೊತ್ತ ಪೈಲಟ್‌ಗಳು, ಹಾರುವ ವಿಮಾನದ ರೆಕ್ಕೆಯ ಮೇಲೆ ನಡೆದ ಹೆಂಗಸರು, ನರ್ಸ್ ಕೆಲಸ ಬಿಟ್ಟು ಬಂದ ಮೊದಲ ಗಗನಸಖಿಯರು, ಹೀಗೆ. ಎಲ್ಲರೂ ತಪ್ಪಿಸಿಕೊಳ್ಳುತ್ತಿದ್ದರು. ನಾನು ಬೇಕೆಂದೇ ಹೋಗಿ ಸಿಕ್ಕಿಬೀಳುತ್ತಿದ್ದೆ.

ಅವತ್ತು ಮೊಟ್ಟಮೊದಲ ವಿಮಾನ ಹಾರಿಸಿದ ಅಣ್ಣ ತಮ್ಮಂದಿರ ಕತೆ ಬಂತು.

“ಅವರು ಎಂಜಿನಿಯರ್‌ಗಳಲ್ಲ, ಗೊತ್ತಾ? ಸೈಕಲ್ ಅಂಗಡಿ ಇಟ್ಟುಕೊಂಡಿದ್ದವರು,” ಎಂದರು ಬಾಸ್.

ನಾನು ಈ ಅವಕಾಶ ಬಿಡುತ್ತೇನೆಯೇ? “ಬಾಸ್, ನಮ್ಮ ಮೈಸೂರಲ್ಲಿ ಆಯುಧಪೂಜೆ ದಿನ ಸೈಕಲ್ ಅಂಗಡಿ ನೋಡಬೇಕು ನೀವು. ಪಂಪಿಗೆ ಹಾರ, ಸ್ಪ್ಯಾನರಿಗೆ ಕುಂಕುಮ, ಬಾಗಿಲಿಗೆ ಬಾಳೆಕಂದು. ನಿಮ್ಮ ಅಣ್ಣ ತಮ್ಮ ಪೂಜೆ ಮಾಡಿದ್ರಾ?”

“ಇಲ್ಲವಲ್ಲ! ಪೂಜೆ ಇಲ್ಲದೆಯೇ ಹಾರಿಸಿದರು,” ಎಂದು ಬಾಸ್ ಗೆದ್ದ ನಗೆ ನಕ್ಕರು.

“ಎಷ್ಟು ಹೊತ್ತು ಹಾರಿತು?”

“ಮೊದಲ ಸಲ ಹನ್ನೆರಡು ಸೆಕೆಂಡು.”

“ಅದಕ್ಕೇ ಬಾಸ್!”

ಬಾಸ್ ಕಾಫಿ ಲೋಟ ಕೆಳಗಿಟ್ಟರು. ಅಲ್ಲಿಗೆ ಸುಮ್ಮನಾಗಬಹುದಿತ್ತು, ಆದರೆ ಇತಿಹಾಸ ಗೊತ್ತಿದ್ದವರಿಗೆ ಪೂರ್ತಿ ಹೇಳದಿದ್ದರೆ ಸಮಾಧಾನವಿಲ್ಲ. “ಆಮೇಲೆ ಇನ್ನೂ ಮೂರು ಸಲ ಹಾರಿತು. ಅದಾದ ಮೇಲೆ ನೆಲದ ಮೇಲೆ ನಿಂತಿದ್ದಾಗ ಜೋರು ಗಾಳಿ ಬಂದು ಮಗುಚಿಬಿತ್ತು. ಆ ವಿಮಾನ ಮತ್ತೆ ಹಾರಲೇ ಇಲ್ಲ.”

“ಸುಮ್ಮನೆ ನಿಂತಿದ್ದದ್ದು ಮುರಿದುಬಿತ್ತಾ?” ಎಂದೆ. “ದೃಷ್ಟಿ ಬಾಸ್, ಶುದ್ಧ ದೃಷ್ಟಿ! ಒಂದು ಕುಂಬಳಕಾಯಿ ಒಡೆದಿದ್ದರೆ ತಪ್ಪುತ್ತಿತ್ತು.”

ಬಾಸ್ ನಕ್ಕೂ ನಕ್ಕೂ ಕೆಂಪಾದರು. ಅನುಮತಿ ಮಾತ್ರ ಕೊಡಲಿಲ್ಲ. ಆದರೆ ಆ ವಾರ ಪೂರ್ತಿ ಶಾಪಿಗೆ ಬಂದ ಗಿರಾಕಿಗಳಿಗೆಲ್ಲ ಅವರೇ ಹೇಳಿದ್ದು ಕೇಳಿಸಿತು: “ನಮ್ಮ ಇನ್‌ಸ್ಪೆಕ್ಟರ್ ಒಬ್ಬಳಿದ್ದಾಳೆ. ಇತಿಹಾಸದ ಮೊದಲ ವಿಮಾನ ಯಾಕೆ ಮುರಿಯಿತು ಅಂತ ಕಂಡುಹಿಡಿದಿದ್ದಾಳೆ.”

ಕುಂಬಳಕಾಯಿಯ ಪ್ರಯಾಣ

ಮುಂದಿನ ವರ್ಷ ಬಾಸ್ ತಾವಾಗಿಯೇ ಸಿಕ್ಕಿಬಿದ್ದರು. ಒಂದು ಕಾಲದಲ್ಲಿ ಅವರ ದೇಶದಲ್ಲಿ ಹೊಸ ವಿಮಾನ ಬಂದರೆ ದೊಡ್ಡ ಮನುಷ್ಯರ ಹೆಂಡತಿಯನ್ನು ಕರೆಸಿ, ವಿಮಾನದ ಮೂತಿಗೆ ಷಾಂಪೇನ್ ಬಾಟಲಿ ಒಡೆಸಿ ಹೆಸರಿಡುತ್ತಿದ್ದರಂತೆ. ಬಾಯಿ ತಪ್ಪಿ ನನ್ನ ಮುಂದೆ ಅದನ್ನು ಹೇಳಿಬಿಟ್ಟರು.

“ನಿಮ್ಮದು ಬಾಟಲಿ, ನಮ್ಮದು ಬೂದುಗುಂಬಳ. ನಮ್ಮದರಲ್ಲಿ ಗಾಜೂ ಇಲ್ಲ,” ಎಂದೆ.

ಬಾಸ್ ಬಹಳ ಹೊತ್ತು ಯೋಚಿಸಿ, “ಕಾರ್ ಪಾರ್ಕಿನಲ್ಲಿ ಒಡೆದುಕೋ. ಒಳಗೆ ಬೇಡ,” ಎಂದರು. ಎಂಜಿನ್ ಒಳಗೆ, ಕುಂಬಳಕಾಯಿ ಹೊರಗೆ. ಆದರೂ ಏನೂ ಇಲ್ಲದ್ದಕ್ಕಿಂತ ಮೇಲು ಎಂದು ಒಪ್ಪಿಕೊಂಡೆ.

ಭಾನುವಾರ ಗಂಡ, ಮಗಳು, ನಾನು ಮೂವರೂ ನಮ್ಮವರ ಅಂಗಡಿಗಳಿರುವ ಲಿಟಲ್ ಇಂಡಿಯಾಗೆ ಹೋಗಿ ಒಳ್ಳೆಯ ದಪ್ಪ ಬೂದುಗುಂಬಳ ತಂದೆವು. ಅದರ ಬೂದಿ ಅಂಗಿಗೆ ಹತ್ತದಿರಲಿ ಎಂದು ನನ್ನ ಗಂಡ ಅದನ್ನು ನನ್ನ ಶಾಲಿನಲ್ಲಿ ಸುತ್ತಿ, ಎದೆಗೆ ಒತ್ತಿಕೊಂಡು ಎಂಆರ್‌ಟಿ ರೈಲು ಹತ್ತಿದರು. ಹತ್ತಿದ್ದೇ ತಡ, ಒಬ್ಬ ಅಜ್ಜಿ ಎದ್ದು ಜಾಗ ಬಿಟ್ಟುಕೊಟ್ಟರು. ಬೇಡ ಬೇಡ ಎಂದರೂ ಬಿಡದೆ ಕೂರಿಸಿದರು. ಶಾಲು ಸರಿಸಿ ನೋಡಲು ಬಗ್ಗಿದ ಅಜ್ಜಿಗೆ ಇವರು ಗಾಬರಿಯಲ್ಲಿ, “ಸ್ಲೀಪಿಂಗ್, ಸ್ಲೀಪಿಂಗ್,” ಎಂದುಬಿಟ್ಟರು.

ಮಗಳು ಕಿವಿಯಲ್ಲಿ, “ಅಪ್ಪಾ, ಬೇಬಿ ಅಂದ್ಕೊಂಡಿದ್ದಾರೆ ಲಾ! ಈಗ ತಟ್ತಾ ಇರು, ಇಲ್ಲಾಂದ್ರೆ ಡೌಟ್ ಬರತ್ತೆ,” ಎಂದಳು. ಚೋವಾ ಚು ಕಾಂಗ್ ಬರುವ ತನಕ ನನ್ನ ಗಂಡ ಕುಂಬಳಕಾಯಿಯನ್ನು ತಟ್ಟಿ ತಟ್ಟಿ ಮಲಗಿಸಿದರು.

ಆಯುಧಪೂಜೆಯ ದಿನ ಕಾರ್ ಪಾರ್ಕಿಗೆ ಹೋದೆ. ಕಾಯಿಗೆ ತೂತು ಕೊರೆದು ಒಳಗೆ ಕುಂಕುಮದ ನೀರು ತುಂಬಿದ್ದೆ. ಸಿಂಗಾಪುರದಲ್ಲಿ ನೆಲ ಗಲೀಜು ಮಾಡಿದರೆ ದಂಡ ಬೀಳುತ್ತದೆ, ಆದ್ದರಿಂದ ಪ್ಲಾಸ್ಟಿಕ್ ಚೀಲದ ಒಳಗೇ ಇಟ್ಟು ಒಡೆಯುವುದು ಎಂದು ನನ್ನ ಉಪಾಯ. ಚೀಲದ ಬಾಯಿ ಕಟ್ಟಿ, ಮೂರು ಸಲ ನಿವಾಳಿಸಿ, ಎತ್ತಿ ಕುಕ್ಕಿದೆ. ಕಾಯಿ ಒಡೆಯಲಿಲ್ಲ, ಚೀಲ ಒಡೆಯಿತು. ಹೊರಗೆ ಬಂದ ಕಾಯಿ ಇಳಿಜಾರಿನಲ್ಲಿ ಉರುಳಿಕೊಂಡು ಹೋಯಿತು. ನಾನು ಹಿಂದೆ ಓಡಿದೆ. ಸರಿಯಾಗಿ ಅದೇ ಹೊತ್ತಿಗೆ ಬಾಸ್ ಕಾರನ್ನು ರಿವರ್ಸ್ ತೆಗೆಯುತ್ತಿದ್ದರು. ಚಕ್ರದ ಕೆಳಗೆ ‘ಪಟ್’ ಎಂದಿತು, ಕೆಂಪು ನೀರು ಹರಿಯಿತು.

ಬಾಸ್ ಕಾರಿನಿಂದ ಇಳಿದವರು ನೆಲ ನೋಡಿ ಬಿಳಿಚಿಕೊಂಡರು. ಆಂಟಿ ಫಸ್ಟ್ ಏಡ್ ಪೆಟ್ಟಿಗೆ ಹಿಡಿದು ಓಡಿಬಂದು, “ಯಾರಿಗೆ ಪೆಟ್ಟು? ಯಾರಿಗೆ?” ಎಂದು ಕಾರಿನ ಕೆಳಗೆ ಬಗ್ಗಿದರು. ಬೀಜ, ತಿರುಳು ಕಂಡ ಮೇಲೆ ಎದ್ದು ನಿಂತು ನನ್ನನ್ನು ನೋಡಿದ ನೋಟ ನಾನು ಮರೆಯುವಂತಿಲ್ಲ. ನೆಲವನ್ನೆಲ್ಲ ನಾನೇ ತೊಳೆದೆ.

ಆ ವರ್ಷವೂ ಎಂಜಿನ್‌ಗೆ ಪೂಜೆ ಆಗಲಿಲ್ಲ. ಬಾಸ್ ಕಾರಿಗೆ ಮಾತ್ರ ಶಾಸ್ತ್ರೋಕ್ತವಾಗಿ ಆಯಿತು.

ಪುರೋಹಿತರ ಸಲಹೆ

ಬುಕಿತ್ ಪಂಜಾಂಗ್‌ನಲ್ಲಿ ನಮ್ಮವರೊಬ್ಬರು ಪುರೋಹಿತರಿದ್ದಾರೆ. ವಾರಪೂರ್ತಿ ಸಾಫ್ಟ್‌ವೇರ್, ಶನಿವಾರ ಭಾನುವಾರ ಸತ್ಯನಾರಾಯಣ ಪೂಜೆ. ಅವರ ಹತ್ತಿರ ಹೋಗಿ ನನ್ನ ಕಷ್ಟ ಹೇಳಿಕೊಂಡೆ. “ಕುಂಕುಮದ ಪುಡಿ ಆಗಲ್ಲ, ಹೂವು ಆಗಲ್ಲ, ತೆಂಗಿನಕಾಯಿ ಆಗಲ್ಲ, ಕರ್ಪೂರ ಹಚ್ಚಿದ್ರೆ ಫೈರ್ ಅಲಾರಂ ಹೊಡ್ಕೊಳ್ಳತ್ತೆ. ಏನ್ಮಾಡ್ಲಿ?”

“ಮಾನಸ ಪೂಜೆ ಮಾಡಿಬಿಡಿ ಮೇಡಂ. ಮನಸ್ಸಲ್ಲೇ ಎಲ್ಲ ಅರ್ಪಿಸೋದು. ವೆರಿ ಪವರ್‌ಫುಲ್.”

“ಆಗಲ್ಲ. ಎಂಜಿನ್ ನಮಗೆ ಮನಸ್ಸಲ್ಲೇ ಸಂಬಳ ಕೊಡ್ತಾ ಇಲ್ಲ.”

ಅವರು ಕಣ್ಣು ಮುಚ್ಚಿ ಯೋಚಿಸಿದರು. “ಹಾಗಾದ್ರೆ ವರ್ಕ್‌ಅರೌಂಡ್ ಹುಡುಕೋಣ. ಆರತಿಗೆ ಬೆಂಕೀನೇ ಆಗಬೇಕು ಅಂತಿಲ್ಲ, ಬೆಳಕಿದ್ರೆ ಸಾಕು, ಟಾರ್ಚ್ ಹಿಡೀರಿ. ಕುಂಕುಮ ಇಲ್ಲಾಂದ್ರೆ ಬೇರೆ ಏನಾದ್ರೂ ಕೆಂಪಗಿರೋದು ಇಡಿ. ನಿಂಬೆಹಣ್ಣು ಮಾತ್ರ ಸ್ಕಿಪ್ ಮಾಡಬೇಡಿ.”

ನನಗೆ ಹೋದ ಜೀವ ಬಂದಂತಾಯಿತು. ದಕ್ಷಿಣೆ ಕೊಟ್ಟು ಕಾಲಿಗೆ ನಮಸ್ಕಾರ ಮಾಡಿ ಹೊರಟೆ. ಲಿಫ್ಟಿನ ತನಕ ಬಂದ ಪುರೋಹಿತರು ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದರು: “ಮೇಡಂ, ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಹೋಗ್ತಾ ಇದೀನಿ. ನೀವು ಪೂಜೆ ಮಾಡಿದ ಎಂಜಿನ್ ಯಾವ ಫ್ಲೈಟಿಗೆ ಹಾಕ್ತಾರೆ ಹೇಳ್ಬಿಡಿ. ಅದನ್ನೇ ಬುಕ್ ಮಾಡ್ತೀನಿ.”

ಕೊನೆಯ ಅವಕಾಶ

ಈ ವರ್ಷ ಬಾಸ್ ರಿಟೈರ್ ಆಗುವ ಸುದ್ದಿ ಬಂತು. ಆಯುಧಪೂಜೆಯ ಮಾರನೆಯ ದಿನವೇ ಅಮೆರಿಕಕ್ಕೆ ಹೊರಡುತ್ತಾರೆ. ಹೊಸ ಬಾಸ್ ಮುಖ ಎತ್ತಿ ಮಾತಾಡುವವರಲ್ಲವಂತೆ. ಈ ಸಲ ಆಗದಿದ್ದರೆ ಇನ್ನು ಎಂದಿಗೂ ಆಗುವುದಿಲ್ಲ ಎಂದು ನನಗೆ ಖಚಿತವಾಯಿತು. ನೇರ ಕ್ಯಾಬಿನ್ನಿಗೆ ಹೋದೆ.

ಬಾಸ್ ಗೋಡೆಯ ಚಿತ್ರಗಳನ್ನು ಇಳಿಸಿ ಪೆಟ್ಟಿಗೆಗೆ ತುಂಬುತ್ತಿದ್ದರು. ಒಂದು ಹಳೆಯ ಫೋಟೋ ನನ್ನ ಕೈಗೆ ಕೊಟ್ಟರು. ಗೋಧಿ ಹೊಲದ ನಡುವೆ ಬಟ್ಟೆ ಹೊದಿಸಿದ ರೆಕ್ಕೆಗಳ ಒಂದು ಪುಟ್ಟ ವಿಮಾನ, ಸುತ್ತ ಊರಿನ ಜನ. ಆ ಕಾಲದಲ್ಲಿ ಊರೂರಿಗೆ ವಿಮಾನ ಹಾರಿಸಿಕೊಂಡು ಬಂದು, ಹೊಲದಲ್ಲಿ ಇಳಿಸಿ, ಜನರನ್ನು ಒಂದು ಸುತ್ತು ಹಾರಿಸುವ ಪೈಲಟ್‌ಗಳಿದ್ದರಂತೆ.

“ಇವಳು ನನ್ನ ಅಜ್ಜಿ,” ಎಂದು ಬೆರಳಿಟ್ಟು ತೋರಿಸಿದರು. “ವಿಮಾನ ಬಂದಿದೆ ಅಂತ ಗೊತ್ತಾದ ಕೂಡಲೇ ಚರ್ಚಿಗೆ ಹಾಕುವ ಬಟ್ಟೆ ಹಾಕಿಕೊಂಡು ಹೋದಳಂತೆ. ಹತ್ತಲಿಲ್ಲ. ರೆಕ್ಕೆಯನ್ನು ಒಂದು ಸಲ ಮುಟ್ಟಿ ವಾಪಸ್ ಬಂದಳು. ಸಾಯುವ ತನಕ ಅದನ್ನೇ ಹೇಳುತ್ತಿದ್ದಳು.”

“ಬಾಸ್,” ಎಂದೆ, “ಒಳ್ಳೆ ಬಟ್ಟೆ ಹಾಕಿಕೊಂಡು ಹೋಗಿ, ಭಕ್ತಿಯಿಂದ ಮುಟ್ಟಿ ಬರುವುದು. ನಾನು ಕೇಳುತ್ತಿರುವುದೂ ಅಷ್ಟೇ.”

ಇದನ್ನು ವಾದಕ್ಕೆ ಹೇಳಲಿಲ್ಲ. ಬಾಸ್ ಫೋಟೋ ವಾಪಸ್ ತೆಗೆದುಕೊಂಡು, ಧೂಳು ಒರೆಸಿ ಪೆಟ್ಟಿಗೆಯಲ್ಲಿಟ್ಟರು. ಆಮೇಲೆ, “ಸೇಫ್ಟಿಯವರು ಒಪ್ಪಿದರೆ ನನ್ನದೂ ಒಪ್ಪಿಗೆ,” ಎಂದರು.

ಸೇಫ್ಟಿ ಆಂಟಿ ನನ್ನ ಮಾತನ್ನೆಲ್ಲ ಕೇಳಿದರು. ‘ಏನಾದರೂ ಕೆಂಪಗಿರುವುದು’ ಎನ್ನುವಲ್ಲಿಗೆ ಬಂದಾಗ ಕೈ ತೋರಿಸಿ ನಿಲ್ಲಿಸಿದರು. ಡ್ರಾಯರ್ ತೆಗೆದು ಒಂದು ಚಿಕ್ಕ ಟ್ಯೂಬ್ ಮೇಜಿನ ಮೇಲಿಟ್ಟರು. ಬೋಲ್ಟ್ ಬಿಗಿ ಮಾಡಿದ ಮೇಲೆ, ಅದು ಅಲುಗಿದರೆ ಗೊತ್ತಾಗಲಿ ಎಂದು ತಲೆಯ ಮೇಲೆ ಒಂದು ಹನಿ ಬಣ್ಣ ಇಡುತ್ತೇವೆ. ಅದೇ ಬಣ್ಣ, ಕೆಂಪು.

“ಇದು ಅಪ್ರೂವ್ಡ್,” ಎಂದರು ಆಂಟಿ. “ನಮ್ಮಲ್ಲೂ ಶುಭಕ್ಕೆ ಕೆಂಪೇ ಲಾ. ಒಂದು ಬೋಲ್ಟಿಗೆ ಇಡು.” ನಾನು ಅವರ ಕೈ ಹಿಡಿದುಕೊಳ್ಳಲು ಹೋದೆ. ಅವರು ಕೈ ಹಿಂದಕ್ಕೆ ಎಳೆದುಕೊಂಡು ಷರತ್ತು ಹಾಕಿದರು. ನಿಂಬೆಹಣ್ಣು ಎಂಜಿನ್ ಹೊತ್ತ ತಳ್ಳುಗಾಡಿಯ ನಾಲ್ಕು ಚಕ್ರಕ್ಕೆ ನಾಲ್ಕೇ. ಪ್ರತಿಯೊಂದೂ ಪ್ಲಾಸ್ಟಿಕ್ ಪೌಚಿನೊಳಗೆ. ಚಕ್ರಕ್ಕೆ ಮುಟ್ಟಿಸಬೇಕು, ತುಳಿಸುವಂತಿಲ್ಲ. ಒಳಗೆ ಹೋದದ್ದೆಲ್ಲ ಲೆಕ್ಕವಾಗಿ ಹೊರಗೆ ಬರಬೇಕು.

ಆಯುಧಪೂಜೆಯ ಬೆಳಿಗ್ಗೆ, ಸಂಜೆ ಹೊರಡಲಿದ್ದ ಎಂಜಿನ್ ಮುಂದೆ ಎಲ್ಲರೂ ನಿಂತರು. ಒಂದು ಬೋಲ್ಟಿಗೆ ಕೆಂಪು ಬೊಟ್ಟಿಟ್ಟೆ. ಇನ್‌ಸ್ಪೆಕ್ಷನ್ ಟಾರ್ಚ್ ಹಚ್ಚಿ ಮೂರು ಸುತ್ತು ಆರತಿ ಎತ್ತಿದೆ, ಗೊತ್ತಿದ್ದ ಮಂತ್ರ ಹೇಳಿದೆ. ನಿಂಬೆಹಣ್ಣುಗಳನ್ನು ಚಕ್ರಗಳ ಮುಂದಿಟ್ಟು ಕೈಮುಗಿದೆ. ಬಾಸ್ ಕ್ಯಾಪ್ ತೆಗೆದು ತಲೆ ಬಾಗಿಸಿದರು. ಅಷ್ಟು ವರ್ಷದ ಹಠ ಗೆದ್ದ ಸಂತೋಷಕ್ಕೆ ನನಗೆ ಕಣ್ಣು ಮಂಜಾಯಿತು. ಬಾಸ್ ತಾವೇ ಬಗ್ಗಿ ನಿಂಬೆಹಣ್ಣು ಎತ್ತಿ ಟ್ರೇಗೆ ಹಾಕಿ ಸಹಾಯ ಮಾಡಿದರು.

ಆಂಟಿ ಟ್ರೇ ನೋಡಿದರು. “ಮೂರೇ ಇದೆ.”

ಹೊರಗಿನ ವಸ್ತುವೊಂದು ಕಾಣೆಯಾದರೆ ಸಿಗುವ ತನಕ ಶಾಪ್ ಬಂದ್. ಸಿಗದಿದ್ದರೆ ಎಂಜಿನ್ ಪೂರ್ತಿ ಬಿಚ್ಚಬೇಕು. ನನ್ನ ಸಹಿ ಮಾಡುವ ಅಧಿಕಾರವೂ ಹೋದಂತೆಯೇ. ಬಾಗಿಲುಗಳು ಮುಚ್ಚಿದವು. ಎಲ್ಲರೂ ಟಾರ್ಚ್ ಹಿಡಿದು ನೆಲದ ಮೇಲೆ ಅಂಬೆಗಾಲಿಟ್ಟರು. ನಿಂಬೆಹಣ್ಣು ನುಗ್ಗುವಷ್ಟು ಸಂದು ಎಂಜಿನ್‌ನಲ್ಲಿ ಎಲ್ಲೂ ತೆರೆದಿರಲಿಲ್ಲ. ಆದರೂ ಆಂಟಿ ಬಿಡಲಿಲ್ಲ, ಹಾವಿನಂತೆ ಬಳುಕುವ ಕ್ಯಾಮೆರಾ ಒಳಗೆ ಬಿಡಿಸಿದರು. ಕೋಟಿಗಟ್ಟಲೆ ಬೆಲೆಯ ಎಂಜಿನ್ ಹೊಟ್ಟೆಯೊಳಗೆ ನಿಂಬೆಹಣ್ಣು ಹುಡುಕಿದ ಮೊದಲ ಇನ್‌ಸ್ಪೆಕ್ಟರ್ ನಾನೇ ಇರಬೇಕು. ಪಾಪ, ಬಾಸ್ ಎಲ್ಲರಿಗಿಂತ ಹೆಚ್ಚು ಬೆವರುತ್ತಾ, ಒಂದೇ ಜಾಗವನ್ನು ಮತ್ತೆ ಮತ್ತೆ ಹುಡುಕುತ್ತಿದ್ದರು. ಹೊರಡುವ ಹಿಂದಿನ ದಿನ ಇವರಿಗೆ ನನ್ನಿಂದ ಹೀಗಾಯಿತಲ್ಲ ಎಂದು ನನಗೆ ಅಳುವೇ ಬಂತು.

“ನನ್ನದೇ ತಪ್ಪು ಮೇಡಂ. ಎಂಜಿನ್ ಬಿಚ್ಚಿಸಿ. ನನ್ನ ಸಹಿ ವಾಪಸ್ ತಗೊಳ್ಳಿ,” ಎಂದೆ.

“ನಿಲ್ಲಿ, ನಿಲ್ಲಿ!” ಎಂದು ಬಾಸ್ ಎದ್ದರು. ಮುಖ ಕೆಂಪಾಗಿತ್ತು. ನಿಧಾನವಾಗಿ ಪ್ಯಾಂಟಿನ ಜೇಬಿಗೆ ಕೈ ಹಾಕಿ ಪ್ಲಾಸ್ಟಿಕ್ ಪೌಚ್ ತೆಗೆದರು. ಒಳಗೆ ನಿಂಬೆಹಣ್ಣು.

ಆರಡಿಯ ಆಳು ಸ್ಕೂಲ್ ಹುಡುಗನ ಹಾಗೆ ತಲೆ ತಗ್ಗಿಸಿ, “ನಾಳೆ ನನ್ನದು ತುಂಬಾ ಉದ್ದದ ಫ್ಲೈಟ್,” ಎಂದರು.

ಆಂಟಿ ಪೌಚ್ ಕಿತ್ತುಕೊಂಡು ಟ್ರೇಗೆ ಹಾಕಿದರು, ನಾಲ್ಕೂ ಎಣಿಸಿದರು, ಬಾಗಿಲು ತೆಗೆಸಿದರು. ಟ್ರೇ ಹಿಡಿದು, ಹೊರಗಿನ ವಸ್ತು ದಾಟಬಾರದೆಂದು ನೆಲಕ್ಕೆ ಬಳಿದ ಗೆರೆ ದಾಟಿ ಹೊರಗೆ ಹೋಗಿ ನಿಂತು ಬಾಸನ್ನು ಬೆರಳಿನಿಂದ ಕರೆದರು. ಬೈಗುಳ ಗ್ಯಾರಂಟಿ ಎಂದು ನಾವೆಲ್ಲ ಅಂದುಕೊಂಡೆವು. ಆಂಟಿ ನಾಲ್ಕು ನಿಂಬೆಹಣ್ಣನ್ನೂ ಬಾಸ್ ಕೈಗೆ ಸುರಿದರು.

“ಒಂದೇ ಕದ್ದರೆ ಏನು ಪ್ರಯೋಜನ?” ಎಂದು ಗದರಿದರು. “ಇಷ್ಟು ವರ್ಷ ಈ ಫೀಲ್ಡಿನಲ್ಲಿ ಇದ್ದೀರಿ, ವಿಮಾನಕ್ಕೆ ಚಕ್ರ ಒಂದೇನಾ?”